ಕಿವಿ ನೋಡಿ ಹೆಡ್‌ಫೋನು ಕೊಡುತ್ತಿದ್ದ ಆಚಾರ್ರು

ಆಚಾರ್ರ ಬೆರಳುಗಳು ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ತಣ್ಣಗಿರುತ್ತಿದ್ದವು. ಒಂದು ಸಣ್ಣ ಗಾಜಿನ ಬಟ್ಟಲಿನಲ್ಲಿ ಸ್ಪಿರಿಟ್ಟು, ಅದರಲ್ಲಿ ಅದ್ದಿದ ಹತ್ತಿ. ಗಿರಾಕಿ ಕಿವಿಗೆ ಹಾಕಿ ನೋಡುವ ಪ್ರತಿಯೊಂದು ಹೆಡ್‌ಫೋನನ್ನೂ ಮೊದಲೊಮ್ಮೆ, ಆಮೇಲೊಮ್ಮೆ ಒರೆಸುತ್ತಿದ್ದರು. ಒರೆಸಿ ಒರೆಸಿ ಬಲಗೈಯ ಎರಡು ಬೆರಳುಗಳ ತುದಿ ಬೆಳ್ಳಗೆ ಸುಕ್ಕುಗಟ್ಟಿತ್ತು. ಆ ಬೆರಳುಗಳಿಂದ ಅವರು ನಿಮ್ಮ ಕಿವಿಯ ಹಾಲೆ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ ಒಳಗೆ ಇಣುಕಿದರೆ ಬೆನ್ನಿನಲ್ಲಿ ಒಂದು ಸಲ ಜುಂ ಎನ್ನುತ್ತಿತ್ತು. ಮೊದಲ ಸಲ ನನಗೆ ಹಾಗೆ ಮಾಡಿದಾಗ ನಾನು ತಲೆ ಕೊಡವಿಕೊಂಡಿದ್ದೆ. ನಲವತ್ತು ದಾಟಿದ ಗಂಡಸಿನ ಕಿವಿ ಹಿಡಿಯುವುದೆಂದರೇನು?

"ಬೆದರ್ಬ್ಯಾಡಿ ಗೌಡ್ರೆ, ಚುಚ್ಚಾಕಿಲ್ಲ," ಎಂದು ನಕ್ಕಿದ್ದರು.

ಆ ಮಾತಿಗೆ ಅರ್ಥವಿತ್ತು. ಪಾಂಡವಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿದ್ದ ಆ ಎಂಟಡಿ ಅಗಲದ ಅಂಗಡಿಯಲ್ಲಿ ಅವರ ತಂದೆ ಓಲೆ, ಮೂಗುತಿ ಮಾಡುತ್ತಿದ್ದವರು. ಸುತ್ತಲಿನ ಊರುಗಳ ತಾಯಂದಿರು ಮಕ್ಕಳ ಕಿವಿ ಚುಚ್ಚಿಸಲು ಅಲ್ಲಿಗೇ ಬರುತ್ತಿದ್ದರಂತೆ. ಆಚಾರ್ರೂ ಆ ಕೆಲಸ ಕಲಿತವರೇ. ಆಮೇಲೆ ಜನ ಗಾಜಿನ ಬಾಗಿಲಿನ ದೊಡ್ಡ ಅಂಗಡಿಗಳಲ್ಲಿ ಮಾಡಿಟ್ಟ ಒಡವೆ ಕೊಳ್ಳತೊಡಗಿದಾಗ ಇವರು ರೇಡಿಯೋ ರಿಪೇರಿಗೆ ಇಳಿದರು. ರೇಡಿಯೋ ಹೋಗಿ ಟೇಪ್ ರೆಕಾರ್ಡರ್ ಬಂತು, ಅದು ಹೋಗಿ ಮೊಬೈಲ್ ಬಂತು, ಕೊನೆಗೆ ಗೋಡೆಯ ತುಂಬ ಮೊಳೆ ಹೊಡೆದು ಹೆಡ್‌ಫೋನುಗಳನ್ನು ತೂಗುಹಾಕಿಕೊಂಡು ಕೂತರು. ಚಿನ್ನ ಬಿಟ್ಟರೂ ಕಿವಿಯನ್ನು ಬಿಡಲಿಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ. "ಬುಟ್ರೆ ತಾನೆ? ನಮ್ಮಪ್ಪ ನಾನು ಸೇರ್ಕಂಡು ಎಷ್ಟ್ ಕಿವಿ ನೋಡಿದ್ದೀವೋ. ಒಂದರಂಗೆ ಇನ್ನೊಂದಿಲ್ಲ. ಒಬ್ಬರ್ವೇ ಎಲ್ಡು ಕಿವಿ ಒಂದೇ ತರ ಇರಾಕಿಲ್ಲ ಗೌಡ್ರೆ," ಎನ್ನುತ್ತಿದ್ದರು.

ಆ ಅಂಗಡಿಯಲ್ಲಿ ಹಾಡು ಕೇಳಿಸುತ್ತಿರಲಿಲ್ಲ ಎಂಬುದು ಹೊಸಬರಿಗೆ ಸೋಜಿಗ. ಬೀದಿಯ ಮಿಕ್ಕ ಮೊಬೈಲ್ ಅಂಗಡಿಗಳೆಲ್ಲ ಸ್ಪೀಕರು ಹೊರಗಿಟ್ಟು ಕಿರುಚಿಸುತ್ತಿದ್ದರೆ ಇವರದು ಮಾತ್ರ ಪಡಸಾಲೆಯಂತೆ ತಣ್ಣಗೆ. ಗಿರಾಕಿ ಬಂದರೆ ಸಾಮಾನು ತೋರಿಸುತ್ತಿರಲಿಲ್ಲ. ಸ್ಟೂಲು ಎಳೆದು ಕೂರಿಸಿ ಮೂರು ಪ್ರಶ್ನೆ ಕೇಳುತ್ತಿದ್ದರು. "ಏನ್ ಕೇಳ್ತೀರಿ? ಎಲ್ ಕುಂತ್ಕಂಡ್ ಕೇಳ್ತೀರಿ? ಕೇಳ್ವಾಗ ಯಾರ್ ಕೂಗುದ್ರೆ ನಿಮ್ಗೆ ಕೇಳುಸ್ಬೇಕು?"

ಮೊದಲೆರಡಕ್ಕೆ ಜನ ತಟಕ್ಕನೆ ಉತ್ತರ ಕೊಡುತ್ತಿದ್ದರು. ಮೂರನೆಯದಕ್ಕೆ ತಬ್ಬಿಬ್ಬಾಗುತ್ತಿದ್ದರು. ಹಾಡು ಕೇಳುವುದಕ್ಕೆಂದು ಬಂದವರಿಗೆ ಬೇರೆ ಏನು ಕೇಳಿಸಬೇಕು ಎಂದರೆ ಏನೆಂದು ಹೇಳುವುದು? ಆದರೆ ಆಚಾರ್ರ ವ್ಯಾಪಾರವೆಲ್ಲ ಆ ಮೂರನೆಯ ಪ್ರಶ್ನೆಯ ಮೇಲೆಯೇ ನಡೆಯುತ್ತಿತ್ತು. ಕಬ್ಬಿನ ಟ್ರಾಕ್ಟರು ಓಡಿಸುವವನೊಬ್ಬ ಎದೆ ನಡುಗುವಂಥ ಬೇಸು ಬೇಕು ಎಂದು ಬಂದಾಗ, "ಇಂದ್ಲಿಂದ ಲಾರಿಯೋನು ಆರನ್ ಒಡುದ್ರೆ ನಿಂಗೆ ಕೇಳುಸ್ಬೇಕು ಕಣ್ಲಾ. ಮನೆಗೋಗಿ ಎದೆ ನಡುಗುಸ್ಕೊ," ಎಂದು ಒಂದೇ ಕಿವಿಯದನ್ನು ಕೊಟ್ಟು ಕಳಿಸಿದರು. ಬೆಳಗೊಳದ ಒಬ್ಬ ಹೆಂಗಸು ಹಾಲು ಕರೆಯುವಾಗ ಭಜನೆ ಕೇಳುತ್ತಿದ್ದಳು. ಅವಳ ಪುಟ್ಟ ಇಯರ್‌ಬಡ್ಡು ಎರಡು ಸಲ ಹಾಲಿನ ಪಾತ್ರೆಗೆ ಬಿದ್ದಿತ್ತು. ಅವಳಿಗೆ ಕತ್ತಿನ ಸುತ್ತ ಕೂರುವಂಥದ್ದನ್ನು ಕೊಟ್ಟರು. "ಸದ್ದು ಸಣ್ಣಗಿರ್ಲಿ ಕಣವ್ವ. ಅಸ ಕಾಲ್ ಎತ್ತೋದು ಗೊತ್ತಾಗ್ಬೇಕು." ಶ್ರೀರಂಗಪಟ್ಟಣಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವ ನರ್ಸಿಂಗ್ ಓದುವ ಹುಡುಗಿಗೆ, ಸ್ಟಾಪಿನ ಹೆಸರು ಕೂಗುವುದು ಕೇಳಲೆಂದು ಕಿವಿಯನ್ನು ಪೂರ್ತಿ ಮುಚ್ಚದ ಹಗುರವಾದ ಒಂದನ್ನು ಹುಡುಕಿಕೊಟ್ಟರು. ಅದು ಅಂಗಡಿಯಲ್ಲಿದ್ದ ತೀರ ಅಗ್ಗದ ಸಾಮಾನು. ಅವಳು ದುಬಾರಿಯದನ್ನೇ ಬೇಕೆಂದು ಬೆರಳು ತೋರಿಸುತ್ತಿದ್ದಳು.

ನನಗೆ ಇದೆಲ್ಲ ಅತಿ ಅನಿಸುತ್ತಿತ್ತು ಎಂದು ಒಪ್ಪಿಕೊಳ್ಳಬೇಕು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬೇರೆಯವರು ನನ್ನ ಒಳಿತಿಗೆಂದು ಬುದ್ಧಿ ಹೇಳಿದರೆ ಅದು ಇನ್ನಷ್ಟು ಬೇಗ ಬರುತ್ತದೆ.

ನನ್ನದು ನಮ್ಮೂರಿನಲ್ಲಿ ಹಿಟ್ಟಿನ ಮಿಲ್ಲು. ಪಾಂಡವಪುರದಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಜಮೀನೂ ಇದೆ, ಆದರೆ ಜನ ನನ್ನನ್ನು ಗುರುತಿಸುವುದು ಮಿಲ್ಲಿನಿಂದಲೇ. ಬೆಳಿಗ್ಗೆ ಎಂಟಕ್ಕೆ ಬೆಲ್ಟು ಹಾಕಿದರೆ ಮಧ್ಯಾಹ್ನ ಎರಡರವರೆಗೆ ರಾಗಿ, ಅಕ್ಕಿ, ಖಾರದ ಪುಡಿ. ಇನ್ನೊಂದು ಹುಚ್ಚೆಂದರೆ ಪೌರಾಣಿಕ ನಾಟಕ. ನಮ್ಮ ಕಡೆ ಊರೂರಿನಲ್ಲೂ ನಾಟಕ ಕಲಿತು ಆಡುತ್ತಾರೆ; ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ನಾನು ಇಪ್ಪತ್ತನೇ ವಯಸ್ಸಿನಿಂದ ಬಣ್ಣ ಹಚ್ಚಿದವನು. ನನಗೆ ಕಿರೀಟ ಒಪ್ಪುತ್ತದೆ, ಗಂಟಲೂ ಇದೆ. ಮಿಲ್ಲಿನಲ್ಲಿ ನಿಂತಾಗ ಹಳೆಯ ನಾಟಕದ ಮಟ್ಟುಗಳನ್ನು ಕೇಳುತ್ತಿದ್ದರೆ ಆರು ಗಂಟೆ ಆರು ನಿಮಿಷದಂತೆ ಕಳೆಯುತ್ತದೆ ಎಂದು ಅನಿಸಿ, ಆಚಾರ್ರ ಅಂಗಡಿಗೆ ಹೋಗಿದ್ದೆ.

"ಏನ್ ಕೇಳ್ತೀರಿ?"

"ನಾಟಕದ ಪದ. ಹಳೇ ಮಟ್ಟುಗಳು."

"ಎಲ್ಲಿ?"

"ಮಿಲ್ಲಲ್ಲಿ."

"ಮಿಷನ್ ನಿಂತಿರ್ವಾಗ್ಲಾ, ಓಡ್ತಿರ್ವಾಗ್ಲಾ?"

"ಓಡ್ವಾಗ್ಲೇ. ನಿಂತಿರ್ವಾಗ ಕೇಳಕೆ ಇದ್ಯಾಕೆ? ಫೋನಲ್ಲೇ ಕೇಳುಸ್ತದಲ್ಲ."

ಆಚಾರ್ರು ಕೈಯಲ್ಲಿದ್ದ ಹತ್ತಿಯನ್ನು ಬಟ್ಟಲಿಗೆ ಹಾಕಿದರು. "ಅಂಗಾದ್ರೆ ನನ್ತಾವ ನಿಮ್ಗೆ ಸಾಮಾನಿಲ್ಲ ಗೌಡ್ರೆ. ಮಿಷನ್ ಸದ್ದಿನ ಮ್ಯಾಲೆ ಪದ ಕೇಳುಸ್ಬೇಕು ಅಂದ್ರೆ, ಪದಾನ ಅದ್ಕಿಂತ ಜೋರಾಗಿ ಮಡೀಕಬೇಕು. ಒಂದ್ ಮಿಷನ್ ಸಾಲ್ದು ಅಂತ ಕಿವಿ ಒಳಕ್ಕೆ ಇನ್ನೊಂದ್ ಮಿಷನ್ ತುರುಕ್ಕಂಡಂಗೆ. ನಾನ್ ಕೊಡಾಕಿಲ್ಲ."

ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವ ಅಂಗಡಿಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮುಖ ದಪ್ಪ ಮಾಡಿಕೊಂಡು ಎದ್ದುಬಂದೆ. ಬೇರೆ ಅಂಗಡಿಯಲ್ಲಿ ಕೊಳ್ಳಬಹುದಿತ್ತು. ಆದರೆ ತಾಲ್ಲೂಕಿಗೆಲ್ಲ ಆಚಾರ್ರ ಸಾಮಾನೇ ಒಳ್ಳೆಯದೆಂಬ ಹೆಸರು. ನನಗೆ ಅದೇ ಬೇಕು. ಒಂದು ವಾರ ಬಿಟ್ಟು ಮತ್ತೆ ಹೋದೆ.

"ಮಿಲ್ಲಲ್ಲಿ ಕೇಳಲ್ಲ ಬುಡಿ ಆಚಾರ್ರೆ. ಮನೇಲಿ ಕೇಳ್ತೀನಿ, ಊಟ ಆದ್ಮೇಲೆ," ಎಂದೆ.

ಸುಳ್ಳನ್ನು ಇಷ್ಟು ಸಲೀಸಾಗಿ ಹೇಳಿದ್ದೇನೆ ಎಂದು ನನಗೇ ಖುಷಿಯಾಯಿತು. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಮೊಳೆಯಿಂದ ಒಂದನ್ನು ಇಳಿಸಿದರು. ಕಿವಿಯೊಳಗೆ ಕೂರುವ, ರಬ್ಬರಿನ ತುದಿಯ ವೈರಿನದು. ಮೂರು ಅಳತೆಯ ರಬ್ಬರು ಹಾಕಿ ನೋಡಿ, ಎಡಕ್ಕೆ ಸಣ್ಣದು, ಬಲಕ್ಕೆ ಅದಕ್ಕಿಂತ ಒಂದು ದೊಡ್ಡದು ಎಂದು ತೀರ್ಮಾನಿಸಿದರು. ಹಾಡು ಹಾಕಿ ಕೇಳಿಸಿದರು. ಎರಡು ಕಿವಿ ಒಂದೇ ತರ ಇರುವುದಿಲ್ಲ ಎಂದು ಅವರು ಹೇಳಿದ್ದು ನಿಜ. ಗಾಯಕ ನನ್ನ ತಲೆಯ ನಡುಮಧ್ಯೆ ನಿಂತು ಹಾಡಿದಂತಿತ್ತು. "ಅರ್ಧಕ್ಕಿಂತ ಮ್ಯಾಕ್ಕೆ ಏರುಸ್ಬ್ಯಾಡಿ," ಎಂದು ಕೈಗಿತ್ತರು.

ಮಾರನೆಯ ದಿನವೇ ಮಿಲ್ಲಿನಲ್ಲಿ ಹಾಕಿಕೊಂಡೆ. ಪೂರ್ತಿ ಏರಿಸಿದೆ.

ಸುಮ್ಮನೆ ಹೇಳಬಾರದು, ಆ ದಿನಗಳು ಚೆನ್ನಾಗಿದ್ದವು. ಎಡಗಡೆ ಮಿಷನ್ನು, ಬಲಗಡೆ ಸಾಲಾಗಿ ನಿಂತ ಹೆಂಗಸರು, ನಡುವೆ ನಾನು ಕಣ್ಣು ಅರೆಮುಚ್ಚಿಕೊಂಡು ಯಾವುದೋ ಆಸ್ಥಾನದಲ್ಲಿ. ಬಾಯಲ್ಲಿ ಗುನುಗುತ್ತ ರಾಗಿ ಸುರಿಯುತ್ತಿದ್ದೆ. ಅಕ್ಕಿಯ ಸರದಿಯಲ್ಲಿ ರಾಗಿ ಸುರಿದು ಬೈಸಿಕೊಂಡದ್ದೂ ಉಂಟು.

ಐದಾರು ತಿಂಗಳಿಗೊಮ್ಮೆ ಎಡಗಡೆಯದು ಮಂಕಾಗುತ್ತಿತ್ತು. ಹಿಟ್ಟು ಕೂತಿದೆ ಎಂದುಕೊಂಡು ಆಚಾರ್ರ ಬಳಿ ತೆಗೆದುಕೊಂಡು ಹೋಗುತ್ತಿದ್ದೆ. ಹಿಟ್ಟು ಕೂತಿರುತ್ತಿದ್ದುದೂ ನಿಜ. ಅವರು ರಬ್ಬರು ಕಿತ್ತು, ಭೂತಗನ್ನಡಿ ಕಣ್ಣಿಗಿಟ್ಟು, ತಂದೆಯ ಕಾಲದ ಒಡವೆಯ ಹರಳು ಉಜ್ಜುವ ಕೂದಲೆಳೆಯಂಥ ಬ್ರಷ್ಷಿನಿಂದ ಜಾಲರಿಯನ್ನು ಗುಡಿಸುತ್ತಿದ್ದರು. ಕಾಗದದ ಮೇಲೆ ನಸುಗೆಂಪು ಪುಡಿ ಉದುರುತ್ತಿತ್ತು.

"ನಿಮ್ಮನೇಲಿ ರಾಗಿ ಇಟ್ಟೂ ಊಟ ಆದ್ಮೇಲೆ ಪದ ಕೇಳ್ತದೇನೋ ಗೌಡ್ರೆ?" ಎಂದರು ಮೊದಲ ಸಲ.

ನಾನು ನಕ್ಕೆ. ಅವರೂ ನಕ್ಕರು. ಇಬ್ಬರೂ ಅಲ್ಲಿಗೇ ಬಿಟ್ಟೆವು. ಎರಡನೆಯ ಸಲವೂ, ಮೂರನೆಯ ಸಲವೂ ಹಾಗೆಯೇ ನಕ್ಕು ಬಿಟ್ಟೆವು. ಒಂದು ಹೊಸದನ್ನೂ ಕೊಂಡೆ. ಹೀಗೆ ಮೂರು ವರ್ಷ ಕಳೆದಿರಬೇಕು.

ಮುಂದಿನ ಸಲ ಹೋದಾಗ ಜಾಲರಿಯಲ್ಲಿ ಒಂದು ಕಣವೂ ಇರಲಿಲ್ಲ. ಹೊಸತನ್ನು ಕೊಂಡು ತಿಂಗಳೂ ಆಗಿರಲಿಲ್ಲ. ಆಚಾರ್ರು ಎರಡನ್ನೂ ತಮ್ಮ ಕಿವಿಗೆ ಹಾಕಿ ಕೇಳಿದರು. ನನ್ನ ಬಳಿ ಬಂದು, ಬಲಗಡೆಯದನ್ನು ನನ್ನ ಎಡಗಿವಿಗೆ, ಎಡಗಡೆಯದನ್ನು ಬಲಗಿವಿಗೆ ಇಟ್ಟರು. ಮಂಕಾಗಿದೆ ಎಂದು ನಾನು ತಂದಿದ್ದ ಎಡಗಡೆಯದು ಬಲಗಿವಿಯಲ್ಲಿ ಗಣಗಣ ಎನ್ನುತ್ತಿತ್ತು. ಚೆನ್ನಾಗಿದ್ದ ಬಲಗಡೆಯದು ಎಡಗಿವಿಯಲ್ಲಿ ಕಂಬಳಿ ಹೊದ್ದಂತೆ.

"ಸಾಮಾನು ಸರಿಯಾಗೈತೆ, ಗೌಡ್ರೆ," ಎಂದರು ಮೆಲ್ಲಗೆ.

ಅವರು ಏನು ಹೇಳುತ್ತಿದ್ದಾರೆಂದು ನನಗೆ ತಕ್ಷಣ ತಿಳಿಯಿತು. ತಿಳಿದದ್ದಕ್ಕೇ ಸಿಟ್ಟು ಬಂತು. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. "ಸಾಮಾನ್ ಕೆಟ್ಟೋದ್ರೆ ಗಿರಾಕಿ ಕಿವಿನೇ ಕೆಟ್ಟದೆ ಅನ್ನೋ ಯಾಪಾರಾನ ಇವತ್ತೇ ಕಣ್ರಿ ನೋಡಿದ್ದು!" ಎಂದು ಕೂಗಿ, ಅದನ್ನು ಅಲ್ಲೇ ಎಸೆದು ಹೊರಬಂದೆ. ಆ ವಾರವೇ ಮೈಸೂರಿಗೆ ಹೋಗಿ, ತಲೆಯ ಮೇಲೆ ಕಿರೀಟದಂತೆ ಕೂರುವ ದೊಡ್ಡದೊಂದನ್ನು ತಂದೆ. ಅದರ ಸದ್ದು ಹಳೆಯದರ ಎರಡರಷ್ಟಿತ್ತು. ಎಡಗಿವಿಗೂ ಸ್ವಲ್ಪ ಕೇಳಿಸಿತು. ನೋಡಿದಿರಾ, ಸಾಮಾನಿನದೇ ತಪ್ಪು ಎಂದು ಸಮಾಧಾನ ಮಾಡಿಕೊಂಡೆ.

ಮನೆಯಲ್ಲಿ ಹೆಂಡತಿ ಹೇಳುತ್ತಿದ್ದಳು. "ಕೂಗಿ ಕೂಗಿ ನನ್ ಗಂಟ್ಲೇ ಬಿದ್ದೋಯ್ತು. ಬೇಕ್ ಬೇಕಂತ್ಲೇ ಮಾಡ್ತೀರಾ?" ಬೇಕೆಂದೇ ಮಾಡುತ್ತೇನೆ ಎಂದುಕೊಂಡರೆ ಅವಳಿಗೂ ನೆಮ್ಮದಿ, ನನಗೂ ಮರ್ಯಾದೆ. ಹಾಗೇ ನಡೆಯುತ್ತಿತ್ತು. ಆದರೆ ತಾಲೀಮಿನಲ್ಲಿ ಮರ್ಯಾದೆ ಉಳಿಯಲಿಲ್ಲ. ಆ ವರ್ಷ ಕಿಕ್ಕೇರಿಯಲ್ಲಿ ನಮ್ಮ ನಾಟಕ ಎಂದು ನಿಗದಿಯಾಗಿತ್ತು. ನನಗೆ ಹನ್ನೆರಡು ಪದಗಳಿದ್ದ ದೊಡ್ಡ ಪಾತ್ರ. ಸಂಜೆ ತಾಲೀಮಿನಲ್ಲಿ ಹಾರ್ಮೋನಿಯಂ ಮೇಷ್ಟ್ರು ಪದದ ನಡುವೆ ಕೈಯೆತ್ತಿದರು. "ಸ್ರುತಿ ಬುಟ್ಟೋಗ್ತಿದೀಯ ಕಣಪ್ಪ." ಮತ್ತೆ ಹಾಡಿದೆ. ಮತ್ತೆ ಕೈಯೆತ್ತಿದರು. ಮೇಷ್ಟ್ರು ಎಂದಿನಂತೆ ನನ್ನ ಎಡಗಡೆ ಕೂತಿದ್ದರು. ಇಪ್ಪತ್ತು ವರ್ಷ ಅವರ ಬಾಯಿಂದ ಭೇಷ್ ಅನ್ನಿಸಿಕೊಂಡವನು ನಾನು. ಮೂರನೆಯ ಸಂಜೆ ಅವರು, "ಈ ಪಾತ್ರ ಬ್ಯಾರೆಯೋರ್ಗೆ ಕೊಡಾವ. ಬ್ಯಾಸರ ಮಾಡ್ಕಬ್ಯಾಡ," ಎಂದರು. ನಿಮ್ಮ ಹಾರ್ಮೋನಿಯಂ ಪೆಟ್ಟಿಗೆಯೇ ಕೆಟ್ಟಿದೆ ಎಂದು ಜಗಳವಾಡಿ ಮನೆಗೆ ಬಂದೆ. ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಅದೇ ಪದ ಹಾಡಿ ನೋಡಿದೆ. ಸರಿಯಿದೆಯೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಜೀವನದಲ್ಲಿ ಅಷ್ಟು ಹೆದರಿದ್ದು ಅದೇ ಮೊದಲು.

ಆಚಾರ್ರು ನಮ್ಮೂರಿಗೆ ಬಂದದ್ದು ಅದಾದ ಮೇಲಿನ ಸೋಮವಾರ.

ಮಿಲ್ಲಿನಲ್ಲಿ ಸಾಲು ಉದ್ದವಿತ್ತು. ಕೊನೆಯಲ್ಲಿ ಒಂದು ಬಟ್ಟೆಯ ಚೀಲ ಕಾಲ ಬಳಿ ಇಟ್ಟುಕೊಂಡು ಒಬ್ಬರು ನಿಂತಿದ್ದರು. ನೋಡಿದರೆ ಆಚಾರ್ರು. ಪಾಂಡವಪುರದಲ್ಲಿ ಮೂರು ಮಿಲ್ಲುಗಳಿವೆ. ಐದು ಸೇರು ರಾಗಿ ಹೊತ್ತುಕೊಂಡು ಬಸ್ಸಿನಲ್ಲಿ ನಮ್ಮೂರಿಗೆ ಬರುವ ಅಗತ್ಯ ಯಾರಿಗೂ ಇಲ್ಲ. ಆದರೆ ರಾಗಿ ತಂದವರನ್ನು ನಾನು ಹೊರಗೆ ಹೋಗಿ ಎನ್ನುವಂತಿಲ್ಲ, ಮಿಲ್ಲಿನ ಧರ್ಮ ಅದು. ಅದನ್ನು ತಿಳಿದೇ ಅವರು ರಾಗಿ ತಂದಿದ್ದರು. ಇಸ್ಕೂಲಿನ ಮೇಷ್ಟ್ರಂತೆ ನನ್ನನ್ನೂ ಮಿಷನ್ನನ್ನೂ ನೋಡುತ್ತ, ಯಾವ ಕಡೆ ನಿಲ್ಲುತ್ತೇನೆ, ಯಾವ ಕಡೆ ಬಾಗುತ್ತೇನೆ ಎಂದು ಗಮನಿಸುತ್ತ ಒಂದು ಗಂಟೆ ಸಾಲಿನಲ್ಲಿ ನಿಂತರು. ನಾನು ತಲೆಯ ಮೇಲಿನ ಕಿರೀಟ ತೆಗೆಯಲಿಲ್ಲ. ಅವರ ರಾಗಿಯನ್ನು ಬೀಸಿ, ಮಿಷನ್ ನಿಲ್ಲಿಸಿ, ಆಗ ತೆಗೆದು ಮೊಳೆಗೆ ತಗುಲಿಹಾಕಿ ಹಿಟ್ಟು ಗುಡಿಸತೊಡಗಿದೆ. ಮಿಲ್ಲು ಖಾಲಿಯಾಗಿತ್ತು. ತುಸು ಹೊತ್ತಿನ ಮೇಲೆ ತಣ್ಣನೆಯ ಕೈಯೊಂದು ನನ್ನ ಎಡಭುಜದ ಮೇಲೆ ಬಿತ್ತು. ಬೆಚ್ಚಿ ತಿರುಗಿದೆ.

"ಮೂರ್ ಸಲ ಕರುದೆ, ಗೌಡ್ರೆ," ಎಂದರು ಆಚಾರ್ರು. "ಇಷ್ಟೇ ದೂರ್ದಿಂದ. ಮಿಷನ್ ನಿಂತದೆ."

ಪೊರಕೆ ಹಿಡಿದುಕೊಂಡೇ ಚೀಲಗಳ ಮೇಲೆ ಕುಸಿದು ಕೂತೆ. ಅವರು ನನ್ನ ಬಲಗಡೆಗೆ ಬಂದು, ಹಿಟ್ಟಿನ ನೆಲದ ಮೇಲೇ ಬಿಳಿ ಪಂಚೆಯಲ್ಲಿ ಕೂತರು.

"ತೆಪ್ಪು ನಂದು," ಎಂದರು. "ಅವತ್ತು ಜಾಲರೀಲಿ ರಾಗಿ ಇಟ್ಟು ಕಂಡೆ ನೋಡಿ, ಆ ದಿನ್ವೇ ಯೋಳ್ಬೇಕಿತ್ತು. ನಗಾಡ್ಕಂಡ್ ಸುಮ್ಕಾಗ್ಬುಟ್ಟೆ. ಒಳ್ಳೆ ಗಿರಾಕಿ, ಬ್ಯಾಸರ ಮಾಡ್ಕತಾರೆ ಅಂತ ಬಾಯ್ ಮುಚ್ಕಂಡೆ. ನಮ್ಮಪ್ಪ ಅಷ್ಟ್ ಕಿವಿ ಮುಟ್ಟಿದ್ರೂ ಒಂದುನ್ನೂ ಕೆಡುಸ್ನಿಲ್ಲ. ನಾನು ಕಣ್ ಮುಂದೇನೇ ಒಂದು ಕೆಡುಸ್ಬುಟ್ಟೆ."

ಅವರ ಕಣ್ಣಲ್ಲಿ ನೀರಿತ್ತು. ಆಗ ನಾನು ಹೇಳಬೇಕಾಗಿದ್ದ ಮಾತು ಒಂದೇ: ಸುಳ್ಳು ಹೇಳಿದ್ದು ನಾನು, ಆಚಾರ್ರೆ. ಬೇಡ ಎಂದ ನಿಮ್ಮಿಂದ ಸುಳ್ಳು ಹೇಳಿ ಕೊಂಡವನು ನಾನು. ಹೇಳಲಿಲ್ಲ. ನೆಲ ನೋಡುತ್ತ ತಲೆಯಾಡಿಸಿದೆ. ಹೌದು, ನಿಮ್ಮದೇ ತಪ್ಪು ಎಂದು ಒಪ್ಪಿದಂತೆ. ಆ ಹೊತ್ತಿನಲ್ಲಿ ತಪ್ಪು ಬೇರೆಯವರದಾಗಿರುವುದು ನನಗೆ ಬೇಕಿತ್ತು.

ಅವರು ಚೀಲದಿಂದ ಒಂದು ವಸ್ತು ತೆಗೆದರು. ದೊಡ್ಡ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು ಹಾಕಿಕೊಳ್ಳುವಂಥ ದಪ್ಪ ಕಿವಿಮುಚ್ಚಳ. ವೈರಿಲ್ಲ, ಬ್ಯಾಟರಿಯಿಲ್ಲ. "ಇದ್ರೊಳ್ಗೆ ಪದ ಬರಾಕಿಲ್ಲ. ಏನೂ ಬರಾಕಿಲ್ಲ. ಮಿಷನ್ ಓಡ್ವಾಗ ಇದುನ್ನ ಆಕ್ಕಳಿ. ನಾಳಿಕ್ಕೆ ಮೈಸೂರ್ಗೆ ಓಗಾವ. ಅಂಗ್ಡಿ ಬಾಗ್ಲಾಕಿ ಬತ್ತೀನಿ."

ಮಾರನೆಯ ದಿನ ಇಬ್ಬರೂ ಮೈಸೂರಿನ ಬಸ್ಸು ಹತ್ತಿದೆವು. ಅವರು ನೆನಪಿನಿಂದ ನನ್ನ ಬಲಗಡೆಯ ಸೀಟನ್ನೇ ಹಿಡಿದಿದ್ದರು. ಹೆಂಡತಿಗೆ ಮಿಲ್ಲಿನ ಬೆಲ್ಟು ತರಲು ಹೋಗುತ್ತೇನೆ ಎಂದಿದ್ದೆ. ಆಸ್ಪತ್ರೆಯಲ್ಲಿ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಬಲಗಿವಿಯ ಸರದಿಯಲ್ಲಿ ಒತ್ತಿದೆ, ಒತ್ತಿದೆ. ಎಡಗಿವಿಯ ಸರದಿ ಬಂದಾಗ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಾದೆ. ಗಾಜಿನಾಚೆ ಕೂತಿದ್ದ ಹುಡುಗಿ ಏನೇನೋ ತಿರುಗಿಸುತ್ತಿದ್ದಳು. ನಾನು ಕಾಯುತ್ತಲೇ ಇದ್ದೆ. ಅವಳು ನನ್ನ ಮುಖ ನೋಡದೆ ಕಾಗದದ ಮೇಲೆ ಗುರುತು ಹಾಕಿಕೊಂಡಳು.

ಎಡಗಿವಿಯ ಒಳಗಿನ ನರ ಸವೆದಿದೆ, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ಬಲಗಿವಿಯೂ ಸವೆಯಲು ಶುರುವಾಗಿದೆ; ಹೀಗೇ ಮುಂದುವರಿದರೆ ಐದಾರು ವರ್ಷಕ್ಕೆ ಅದೂ ಹೋಗುತ್ತದೆ. ಇರುವುದನ್ನು ಉಳಿಸಿಕೊಳ್ಳುವುದು ನಿಮ್ಮ ಕೈಯಲ್ಲಿದೆ ಎಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಆಚಾರ್ರು ನನ್ನ ಮುಖ ನೋಡಿ ಎದ್ದು ನಿಂತರು. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿದರು. ನಾನು ಲೋಟ ಹಿಡಿದುಕೊಂಡು, "ಇನ್ನ ಬಣ್ಣ ಅಚ್ಚಂಗಿಲ್ಲ ಆಚಾರ್ರೆ," ಎಂದು ಅತ್ತೆ. ಜನರೆಲ್ಲ ನೋಡುತ್ತಿದ್ದರು.

ವಾಪಸು ಬರುವಾಗ ಅವರು ನನ್ನನ್ನು ನೇರ ಅಂಗಡಿಗೆ ಕರೆದೊಯ್ದರು. ಬೀಗ ತೆಗೆದು, ಸ್ಟೂಲಿನ ಮೇಲೆ ಕೂರಿಸಿ, ಹೊಸ ಗಿರಾಕಿಯನ್ನು ಕೇಳುವಂತೆ ಕೇಳಿದರು. "ಏನ್ ಕೇಳ್ತೀರಿ?"

"ನಾಟಕದ ಪದ."

"ಒಂದ್ ಆಕಿ. ನೀವ್ ದಿನಾ ಕೇಳೋದು."

ನನ್ನ ಫೋನಿನಿಂದ ಈಗಿನವರು ಹೊಸದಾಗಿ ರೆಕಾರ್ಡ್ ಮಾಡಿದ ಒಂದು ಹಳೆಯ ಮಟ್ಟು ಹಾಕಿದೆ. ಅವರು ತಮ್ಮ ಕಿವಿಗೆ ಮೊದಲು ಹಾಕಿಕೊಂಡು ಒಂದು ನಿಮಿಷ ಕೇಳಿದರು. ಅವರ ಹುಬ್ಬು ಗಂಟಾಯಿತು.

"ಇದ್ರಲ್ಲಿ ಪೆಟ್ಗೆ ಎಲ್ ಬಾರುಸ್ತಾವ್ರೆ, ಗೌಡ್ರೆ?"

"ಪೆಟ್ಗೆನಾ? ಈ ರೆಕಾರ್ಡಲ್ಲಿ ಪೆಟ್ಗೆ ಜಾಸ್ತಿ ಇಲ್ಲ. ಬರೀ ತಬಲ, ಗಂಟ್ಲು."

ಅವರು ನನ್ನ ಫೋನನ್ನು ತೆಗೆದುಕೊಂಡು ಅದರೊಳಗೆ ಎಲ್ಲೋ ಹುಡುಕಿ ಹುಡುಕಿ ಒಂದು ಗುಂಡಿ ಒತ್ತಿದರು. ಒಂದು ಕಿವಿ ಕೇಳದವರಿಗೆಂದು ಎಡ ಬಲ ಎರಡರ ಸದ್ದನ್ನೂ ಕೂಡಿಸಿ ಕೊಡುವ ಏರ್ಪಾಟು ಎಲ್ಲ ಫೋನಿನಲ್ಲೂ ಇರುತ್ತದಂತೆ, ನನಗೇನು ಗೊತ್ತು? ಮೆತ್ತನೆಯ ದಿಂಬಿನಂಥ ಕಿವಿಯ ದೊಡ್ಡ ಹೆಡ್‌ಫೋನೊಂದನ್ನು ಒರೆಸಿ, ನನ್ನ ತಲೆಯ ಮೇಲೆ ಕೂರಿಸಿ, ಸದ್ದನ್ನು ಅರ್ಧಕ್ಕಿಂತ ಕೆಳಗಿಟ್ಟು ಹಾಡು ಹಾಕಿದರು.

ಹಾರ್ಮೋನಿಯಂ ಬಂತು. ಗಂಟಲಿನ ಪಕ್ಕಕ್ಕೆ, ಗಂಟಲನ್ನು ಕೈಹಿಡಿದು ನಡೆಸಿಕೊಂಡು ಹೋಗುವಂತೆ, ಪೆಟ್ಟಿಗೆಯ ಸ್ವರ ಪೂರ್ತಿ ಹಾಡಿನಲ್ಲಿತ್ತು. ರೆಕಾರ್ಡು ಮಾಡಿದವರು ಅದನ್ನು ಎಡಗಡೆಗೆ ಇಟ್ಟಿದ್ದರು. ಎಷ್ಟು ತಿಂಗಳಿಂದ ನಾನು ಅದನ್ನು ಕೇಳಿರಲಿಲ್ಲವೋ, ಕೇಳಿಲ್ಲವೆಂಬುದೂ ನನಗೆ ತಿಳಿದಿರಲಿಲ್ಲ. ಶ್ರುತಿಯಿಲ್ಲದ ಹಾಡನ್ನು ದಿನವೂ ಕೇಳಿ, ಅದನ್ನೇ ಕಲಿತು, ಎಡಗಡೆ ಕೂತ ಮೇಷ್ಟ್ರ ಪೆಟ್ಟಿಗೆಯೂ ಕೇಳದೆ ತಾಲೀಮಿನಲ್ಲಿ ಎದೆಯುಬ್ಬಿಸಿ ಹಾಡಿದ್ದೆ. ನಾನು ಕಣ್ಣು ಮುಚ್ಚಿ ಪದ ಮುಗಿಯುವವರೆಗೂ ಕೂತೆ. ಕಣ್ಣು ತೆರೆದಾಗ ಆಚಾರ್ರು ಬೇರೆ ಕಡೆ ತಿರುಗಿ, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು.

"ಮೇಷ್ಟ್ರುಗೆ ಯೋಳಿ, ಪೆಟ್ಗೆನ ಈ ಕಡೀಕೆ ಮಡೀಕಳಿ ಅಂತ," ಎಂದರು. "ಅಷ್ಟೇಯ. ನಿಮ್ ಗಂಟ್ಲೇನೂ ಓಗಿಲ್ಲ."

ಮೇಷ್ಟ್ರ ಕಾಲಿಗೆ ಬಿದ್ದೆ. ಅವರು ಪೆಟ್ಟಿಗೆಯನ್ನು ನನ್ನ ಬಲಕ್ಕೆ ಎಳೆದುಕೊಂಡರು. ಹೆಂಡತಿಗೂ ಹೇಳಿದೆ. ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದೆ, ಸೆರಗು ಬಾಯಿಗಿಟ್ಟುಕೊಂಡಳು. ಅಂದಿನಿಂದ ಬಲಗಡೆಗೇ ಬಂದು ಮಾತಾಡುತ್ತಾಳೆ. ಕಿಕ್ಕೇರಿಯಲ್ಲಿ ಬೆಳಿಗ್ಗೆ ಹತ್ತಕ್ಕೆ ಶುರುವಾದ ನಾಟಕದಲ್ಲಿ ಹನ್ನೆರಡು ಪದಗಳನ್ನೂ ನಾನೇ ಹಾಡಿದೆ. ಒಂದರಲ್ಲಿ ಸ್ವಲ್ಪ ಜಾರಿದ್ದು ಮೇಷ್ಟ್ರಿಗೂ ನನಗೂ ಬಿಟ್ಟರೆ ಯಾರಿಗೂ ತಿಳಿಯಲಿಲ್ಲ. ಅಂಗಡಿ ಮುಚ್ಚಿ ಬಂದಿದ್ದ ಆಚಾರ್ರು ಎರಡನೆಯ ಸಾಲಿನಲ್ಲಿ ಕೂತು ನನ್ನ ಬಾಯನ್ನೇ ನೋಡುತ್ತಿದ್ದರು.

ಅಲ್ಲಿಂದ ಮುಂದೆ ಆರು ವರ್ಷ, ಪಾಂಡವಪುರಕ್ಕೆ ಹೋದಾಗಲೆಲ್ಲ ಅವರ ಅಂಗಡಿಯ ಸ್ಟೂಲಿನ ಮೇಲೆ ಒಂದು ಗಂಟೆ ಕೂರುವುದು ನನಗೆ ರೂಢಿಯಾಯಿತು. ವರ್ಷಕ್ಕೊಮ್ಮೆ ಮೈಸೂರಿಗೆ ಹೋಗಿ ಬಲಗಿವಿಯನ್ನು ತೋರಿಸಿಕೊಂಡು ಬಂದು ಅವರಿಗೆ ಚೀಟಿ ಕೊಡುತ್ತಿದ್ದೆ. ಭೂತಗನ್ನಡಿ ಇಟ್ಟು ನೋಡಿ, ಕಿವಿಯ ಶಕ್ತಿ ತೋರಿಸುವ ಗೆರೆ ಇದ್ದಲ್ಲೇ ಇದೆ ಎಂದು ಖಾತ್ರಿಯಾದ ಮೇಲೆ ಟೀ ತರಿಸುತ್ತಿದ್ದರು. ಮಿಲ್ಲಿನಲ್ಲಿ ಮುಚ್ಚಳ ಹಾಕುತ್ತೇನೆಯೇ ಎಂದು ಕೇಳುತ್ತಿರಲಿಲ್ಲ. ನಮ್ಮೂರಿನಿಂದ ಬಂದ ಬೇರೆ ಗಿರಾಕಿಗಳನ್ನು ವಿಚಾರಿಸಿಕೊಳ್ಳುತ್ತಿದ್ದರೆಂದು ಆಮೇಲೆ ತಿಳಿಯಿತು. ನನ್ನ ಮಾತನ್ನು ಒಂದು ಸಲ ನಂಬಿದ್ದೇ ಸಾಕಾಗಿರಬೇಕು.

ಆದರೆ ಆ ಸ್ಟೂಲಿನ ಮೇಲೆ ಕೂತು ನಾನು ಇನ್ನೊಂದು ಮಾತನ್ನೂ ಕೇಳಿಸಿಕೊಳ್ಳಬೇಕಾಗಿತ್ತು. ಯಾರಾದರೂ ಹಟ ಹಿಡಿದು, ಕಬ್ಬಿನ ಗಾಣದಲ್ಲೋ ಮರ ಕುಯ್ಯುವ ಮಿಲ್ಲಿನಲ್ಲೋ ಹಾಕಿಕೊಳ್ಳಲು ಹೆಡ್‌ಫೋನು ಕೇಳಿದರೆ ಆಚಾರ್ರು ಕೈಯಾಡಿಸಿ ಹೇಳುತ್ತಿದ್ದರು: "ಕೊಡಾಕಿಲ್ಲ ಕಣಪ್ಪ. ಇಂಗೇ ಕೊಟ್ಟು ಒಬ್ರ ಕಿವಿ ಕೆಡುಸ್ಬುಟ್ಟಿವ್ನಿ. ಒಳ್ಳೆ ಆಡ್ಗಾರ್ರು. ಆ ಪಾಪ ನಂಗೆ ಸಾಕು." ಯಾರೆಂದು ಒಂದು ದಿನವೂ ಹೇಳಲಿಲ್ಲ. ನನ್ನ ಕಡೆ ನೋಡುತ್ತಲೂ ಇರಲಿಲ್ಲ. ನಾನು ಗೋಡೆಯ ಮೊಳೆಗಳನ್ನು ನೋಡುತ್ತ ಕೂರುತ್ತಿದ್ದೆ. ಬಂದವರಿಗೆ ಒಳ್ಳೆಯ ಪಾಠವಾಗುತ್ತಿದೆ, ನಡುವೆ ಬಾಯಿ ಹಾಕುವುದೇಕೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಮೊದಲು ಜಂಬದಿಂದ ಸುಮ್ಮನಿದ್ದೆ, ಆಮೇಲೆ ನಾಚಿಕೆಯಿಂದ, ಆಮೇಲೆ ಇಷ್ಟು ದಿನ ಬಿಟ್ಟು ಈಗ ಹೇಗೆ ಹೇಳುವುದೆಂದು.

ಹೋದ ವರ್ಷ ಅವರು ಹೋದರು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತವರು ಏಳಲಿಲ್ಲವಂತೆ. ನನಗೆ ಸುದ್ದಿ ಬಂದಾಗ ಮಿಷನ್ ಓಡುತ್ತಿತ್ತು. ಓಡುತ್ತಿದ್ದ ಮಿಷನ್ನನ್ನು ಹಾಗೇ ನಿಲ್ಲಿಸಿ, ಸಾಲಿನಲ್ಲಿದ್ದವರ ರಾಗಿಯನ್ನು ಅಲ್ಲೇ ಬಿಟ್ಟು ಹೊರಟೆ.

ಕಾರ್ಯದ ದಿನ ಊಟವಾದ ಮೇಲೆ ಅವರ ಮಗಳು ಎಲೆ ಅಡಿಕೆ ತಟ್ಟೆ ಹಿಡಿದುಕೊಂಡು ಬಂದಳು. ನಾಗಮಂಗಲದಲ್ಲಿ ಶಾಲೆಯ ಮೇಡಮ್ಮು. ನನ್ನನ್ನು ಅಂಗಡಿಯಲ್ಲಿ ಹಲವು ಸಲ ನೋಡಿದ್ದಳು. ನನ್ನ ಬಲಗಡೆಗೇ ಬಂದು ಕೂತದ್ದು ಕಂಡು, ಅದು ತಂದೆ ಹೇಳಿಕೊಟ್ಟದ್ದಿರಬೇಕು ಅನಿಸಿತು.

"ನಿಮ್ಮನ್ನ ಒಂದ್ ಮಾತು ಕೇಳ್ಳಾ ಅಣ್ಣ?" ಎಂದಳು. "ಅಪ್ಪ ಮನೇಲಿ ಯಾವಾಗ್ಲೂ ಅನ್ನೋರು, ಒಬ್ರ ಕಿವಿ ಕೆಡುಸ್ಬುಟ್ಟೆ, ನಮ್ಮಪ್ಪನ ಎಸ್ರು ಕಳುದ್ಬುಟ್ಟೆ ಅಂತ. ಯಾರು ಅಂದ್ರೆ ಯೋಳ್ತಿರ್ನಿಲ್ಲ. ನಿಮ್ಗೇನಾರಾ ಗೊತ್ತಾ? ಅವ್ರನ್ನ ಒಂದ್ಸಲ ಕಂಡು, ಅಪ್ಪನ ಪರ್ವಾಗಿ ತೆಪ್ಪಾಯ್ತು ಅಂತ ಕೇಳ್ಕಬೇಕು."

ತಟ್ಟೆಯಿಂದ ತೆಗೆದ ಎಲೆ ನನ್ನ ಕೈಯಲ್ಲೇ ಉಳಿಯಿತು.

"ಅದು ನಾನೇ ಕಣವ್ವ," ಎಂದೆ. "ನಿಮ್ಮಪ್ಪ ಕೆಡುಸ್ನಿಲ್ಲ. ಅವ್ರು ಕೊಡಾಕಿಲ್ಲ ಅಂದ್ರು. ನಾನು ಮಿಲ್ಲಲ್ಲಿ ಆಕ್ಕಳಾಕಿಲ್ಲ ಅಂತ ಸುಳ್ ಯೋಳಿ ತಕ್ಕಂಡೋದೆ. ನಿಮ್ಮಪ್ಪಂದು ಒಂದ್ ಚೂರೂ ತೆಪ್ಪಿಲ್ಲ."

ಅವಳು ತಟ್ಟೆಯನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಬಯ್ಯಲಿಲ್ಲ, ಅಳಲೂ ಇಲ್ಲ.

"ಇದುನ್ನ ಅಪ್ಪಂಗೆ ಯೋಳಿದ್ರಾ?"

ಇಲ್ಲ ಎಂದು ತಲೆಯಾಡಿಸಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಒಳಗೆ ಹೋದಳು. ಹೇಳುವುದಕ್ಕೆ ನನಗೆ ಆರು ವರ್ಷಗಳಿದ್ದವು. ನಾನು ಅವರ ಪಕ್ಕದಲ್ಲೇ ಕೂತಿದ್ದೆ.